ಟರ್ಬೊ ರೋಟರಿ ಎಂಜಿನ್: ಲೀಡಿಂಗ್ ಪ್ಲಗ್‌ಗಳು ಮಾತ್ರ ಪದೇ ಪದೇ ಕೆಡುತ್ತಿರುವುದೇಕೆ?

ಪ್ರಶ್ನೆ

ನನ್ನ ಕಾರಿನಲ್ಲಿರುವುದು ಎರಡು ರೋಟರ್‌ಗಳ (ಪಿಸ್ಟನ್ ಬದಲು ತಿರುಗುವ ತ್ರಿಕೋನಾಕಾರದ ಭಾಗಗಳ), 1.3 ಲೀಟರ್‌ನ ಟರ್ಬೊ ಎಂಜಿನ್. ಪ್ರತಿ ರೋಟರ್‌ಗೆ ಎರಡು ಸ್ಪಾರ್ಕ್ ಪ್ಲಗ್: ಮೊದಲು ಕಿಡಿ ಕೊಡುವುದು ಲೀಡಿಂಗ್, ನಂತರದ್ದು ಟ್ರೇಲಿಂಗ್. ಹೊಸ ಪ್ಲಗ್ ಹಾಕಿದ ಮೇಲೆ ಸುಮಾರು 600 ಕಿ.ಮೀ. ಚೆನ್ನಾಗಿ ಓಡುತ್ತದೆ, ಆಮೇಲೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) 0.7 ಬಾರ್ ದಾಟುತ್ತಲೇ ಮಿಸ್ ಆಗತೊಡಗುತ್ತದೆ. ಬಿಚ್ಚಿ ನೋಡಿದಾಗಲೆಲ್ಲ ಎರಡೂ ಲೀಡಿಂಗ್ ಪ್ಲಗ್‌ಗಳು ಕಪ್ಪಾಗಿ, ಪೆಟ್ರೋಲಿನಿಂದ ತೇವವಾಗಿರುತ್ತವೆ, ಟ್ರೇಲಿಂಗ್ ಪ್ಲಗ್‌ಗಳು ಸರಿಯಾಗಿರುತ್ತವೆ. ಕಂಪ್ರೆಷನ್ ಪರೀಕ್ಷೆಯಲ್ಲಿ ರೋಟರ್‌ಗಳ ಮೂರೂ ಮುಖಗಳು ಸಮನಾಗಿ ಬಂದಿವೆ. ಬೂಸ್ಟ್ ಹೆಚ್ಚಿಸಿದಾಗ ನಾಲ್ಕೂ ಕಡೆ ಹೀಟ್ ರೇಂಜ್ (ಪ್ಲಗ್ ಶಾಖವನ್ನು ಹೊರಹಾಕುವ ಮಟ್ಟ) 9ರ ಪ್ಲಗ್ ಹಾಕಿದ್ದೇನೆ. ಈಗ ಹಾಕಿರುವುದು ಮೂರನೆಯ ಸೆಟ್.

ಮೊದಲ ಉತ್ತರ

ಪ್ಲಗ್ ಕೆಟ್ಟು ಕಿಡಿ ನಿಂತಿತೋ, ಕಿಡಿ ಕುಂದಿದ್ದರಿಂದ ಪ್ಲಗ್ ಮಸಿ ಹಿಡಿಯಿತೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ನೀವು ಹೇಳಿದ ಲಕ್ಷಣಗಳಲ್ಲಿ ನನಗೆ ಎರಡನೆಯದೇ ಕಾಣುತ್ತದೆ. ಮಜ್ದಾದ 13ಬಿ-ಆರ್‌ಇಡಬ್ಲ್ಯು ಟರ್ಬೊ ರೋಟರಿ ಎಂಜಿನ್ನಿನಲ್ಲಿರುವಂತೆ ಎರಡೂ ಲೀಡಿಂಗ್ ಪ್ಲಗ್‌ಗಳಿಗೆ ಒಂದೇ ಕಾಯಿಲ್ ಇದ್ದು, ಎರಡೂ ಏಕಕಾಲದಲ್ಲಿ ಕಿಡಿ ಕೊಡುವ ಏರ್ಪಾಡಿದ್ದರೆ, ಶಾಫ್ಟ್‌ನ ಒಂದು ಸುತ್ತಿಗೆ ಪ್ರತಿ ಲೀಡಿಂಗ್ ಪ್ಲಗ್ ಎರಡು ಸಲ ಕಿಡಿ ಕೊಡುತ್ತದೆ. ಅಂದರೆ 7000 ಆರ್‌ಪಿಎಂನಲ್ಲಿ ನಿಮಿಷಕ್ಕೆ 14,000 ಸಲ. ಪ್ರತ್ಯೇಕ ಕಾಯಿಲ್ ಇರುವ ನಾಲ್ಕು ಸ್ಟ್ರೋಕ್ ಪಿಸ್ಟನ್ ಎಂಜಿನ್ನಿನ ಪ್ಲಗ್‌ಗೆ ಅದೇ ವೇಗದಲ್ಲಿ 3,500 ಸಾಕು. ಎಲೆಕ್ಟ್ರೋಡ್ ಬೇಗ ಸವೆದು ಗ್ಯಾಪ್ ಹಿಗ್ಗುತ್ತದೆ, ಬೂಸ್ಟ್ ಏರಿದಷ್ಟೂ ಆ ಗ್ಯಾಪ್ ದಾಟಲು ಬೇಕಾದ ವೋಲ್ಟೇಜ್ ಏರುತ್ತದೆ. ಎರಡು ಪ್ಲಗ್‌ಗಳೂ ಒಂದೇ ಸರಣಿಯಲ್ಲಿರುವುದರಿಂದ ಒಂದು ವೈರಿನ ರೋಧ ಹೆಚ್ಚಿದರೂ ಎರಡೂ ಕಡೆ ಕಿಡಿ ಕುಂದುತ್ತದೆ. ಲೀಡಿಂಗ್ ವೈರ್‌ಗಳ ರೋಧವನ್ನು ಅಳೆದು ನೋಡಿ, ಕಾಯಿಲ್‌ನ ಅರ್ಥ್ ಸಂಪರ್ಕವನ್ನೂ ಬಿಚ್ಚಿ ಉಜ್ಜಿ ಹಾಕಿ.

ಎರಡನೆಯ ಉತ್ತರ

ವೈರ್ ಜೊತೆಗೆ ಹೀಟ್ ರೇಂಜನ್ನೂ ಮರೆಯಬಾರದು. ಕಾರ್ಖಾನೆಯಿಂದ ಬರುವಾಗ ಆ ಎಂಜಿನ್ನಿನ ಲೀಡಿಂಗ್‌ನಲ್ಲಿ ಎನ್‌ಜಿಕೆ ಕಂಪನಿಯ 7, ಟ್ರೇಲಿಂಗ್‌ನಲ್ಲಿ 9 ಇರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಪ್ಲಗ್ ತಂಪು. ಹೌಸಿಂಗ್‌ನಲ್ಲಿ ಪ್ಲಗ್ ಇರುವ ಭಾಗಕ್ಕೆ ಒಳಬರುವ ತಣ್ಣನೆಯ ಗಾಳಿ ತಾಗುವುದೇ ಇಲ್ಲವಾದ್ದರಿಂದ ಹೆಚ್ಚು ಬೂಸ್ಟ್‌ಗೆ 9 ಹಾಕುವುದು ತಪ್ಪಲ್ಲ. ಆದರೆ ನಿಧಾನ ಸಂಚಾರದಲ್ಲಿ ತಂಪು ಪ್ಲಗ್ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳಲಾರದು. ಮೀಟರಿಂಗ್ ಪಂಪ್ (ಸೀಲ್‌ಗಳಿಗೆ ಎಣ್ಣೆ ಉಣಿಸುವ ಪಂಪ್) ಎಣ್ಣೆಯನ್ನು ಹೇಗೂ ಒಳಗೆ ಬಿಡುತ್ತಿರುತ್ತದೆ, ಅದರ ಮೇಲೆ ಇಂಧನದ ಟ್ಯೂನಿಂಗ್ ಕೂಡ ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚು) ಆಗಿದ್ದರೆ ಕೇಳುವುದೇ ಬೇಡ. ಇನ್ನೊಂದು ಮಾತು: ಎಲೆಕ್ಟ್ರೋಡ್ ಮುಂದಕ್ಕೆ ಚಾಚಿರುವ ಪಿಸ್ಟನ್ ಎಂಜಿನ್ನಿನ ಪ್ಲಗ್‌ಗಳನ್ನು ಪ್ರಯೋಗಕ್ಕೂ ಹಾಕಬೇಡಿ, ಪ್ಲಗ್ ರಂಧ್ರದ ಮೇಲೆ ಏಪೆಕ್ಸ್ ಸೀಲ್ (ರೋಟರ್‌ನ ಮೂಲೆಯಲ್ಲಿರುವ ಸೀಲ್) ಹಾದುಹೋಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಹಿಂದಿನ ರೋಟರ್‌ನ ಲೀಡಿಂಗ್ ವೈರಿನ ರೋಧ ಮುಂದಿನದರ ನಾಲ್ಕು ಪಟ್ಟಿಗಿಂತ ಹೆಚ್ಚಿತ್ತು. ಬೂಟ್ ಎಳೆದು ನೋಡಿದರೆ ಒಳಗಿನ ಲೋಹದ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ಎರಡೂ ವೈರ್‌ಗಳನ್ನು ಬದಲಿಸಿ, ಲೀಡಿಂಗ್‌ಗೆ ಹೊಸ 9ರ ಪ್ಲಗ್‌ಗಳನ್ನೇ ಹಾಕಿದ್ದೇನೆ, ಏಕೆಂದರೆ ವೈರ್ ಮತ್ತು ಹೀಟ್ ರೇಂಜ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ದೋಷ ಯಾವುದರದ್ದೆಂದು ತಿಳಿಯುವುದಿಲ್ಲ. 250 ಕಿ.ಮೀ. ಆಗಿದೆ, 0.9 ಬಾರ್‌ನಲ್ಲೂ ಮಿಸ್ ಆಗಿಲ್ಲ. 600 ದಾಟಿದ ಮೇಲೆ ಪ್ಲಗ್ ಬಿಚ್ಚಿ, ಬಣ್ಣ ಹೇಗಿದೆಯೆಂದು ಬರೆಯುತ್ತೇನೆ.