ಟೆಕ್ಸಸ್‌ನಲ್ಲಿ ಬೇಟೆ ಕ್ಲಬ್ ಮೆಂಬರ್‌ಶಿಪ್, ಭಾವ ಸೇರ್ತಾರಂತೆ, ದುಡ್ಡು ದಂಡವಾ?

ಕಾರ್ಕಳದವ:
ನಮಸ್ಕಾರ ಎಲ್ರಿಗೂ. ವಿಷಯ ಸ್ವಲ್ಪ ವಿಚಿತ್ರ ಉಂಟು, ನಗಾಡ್ಬೇಡಿ. ಅಕ್ಕ ಭಾವ ಡಲ್ಲಾಸ್ ಹತ್ರ ಇದ್ದಾರೆ, ಭಾವನಿಗೆ ಗ್ರೀನ್ ಕಾರ್ಡ್ ಆಗಿ ಸುಮಾರು ಸಮಯ ಆಯ್ತು, ಈಗ ಬೇಟೆ ಮರ್ಲ್ ಹಿಡಿದಿದೆ. ಅಲ್ಲೊಂದು ಕ್ಲಬ್ ಉಂಟಂತೆ, ಬೇರೆಯವರ ರ‍್ಯಾಂಚ್‌ಗಳನ್ನೆಲ್ಲ ಲೀಸಿಗೆ ಹಿಡ್ಕೊಂಡು ಮೆಂಬರುಗಳಿಗೆ ಬಿಡೋದು, ವರ್ಷಕ್ಕೆ ಎರಡು ಸಾವಿರ ಡಾಲರ್ ಮೇಲೆ, ಸೇರುವಾಗ ಎಂಟ್ರಿ ಫೀಸು ಬೇರೆ. ಗೈಡ್ ಗೀಡ್ ಯಾರೂ ಇಲ್ಲ, ಆನ್‌ಲೈನಲ್ಲಿ ಜಾಗ ಬುಕ್ ಮಾಡಿ ನಾವೇ ಹೋಗೋದು, ನಾವೇ ಕೂರೋದು, ಸಿಕ್ಕಿದ್ರೆ ನಾವೇ ಎಳ್ಕೊಂಡು ಬರೋದು. ನವೆಂಬರಲ್ಲಿ ನಾನು ವಿಸಿಟರ್ ವೀಸಾದಲ್ಲಿ ಹೋಗ್ಲಿಕ್ಕುಂಟು. "ನೀನೂ ಬಾ ಮಾರಾಯ, ಗೆಸ್ಟ್ ಅಂತ ಕರ್ಕೊಂಡು ಹೋಗ್ತೇನೆ, ಹಂದಿಗೆ ಇಲ್ಲಿ ಲೈಸೆನ್ಸೇ ಬೇಡ" ಅಂತಾರೆ ಭಾವ. ಅಕ್ಕ ಮಾತ್ರ ನನ್ನ ಹತ್ರ ಗುಟ್ಟಲ್ಲಿ "ಇದು ದುಡ್ಡು ದಂಡವಾ ಕೇಳಿ ಹೇಳು" ಅಂದಿದ್ದಾಳೆ. ಅಲ್ಲಿ ಇದ್ದು ಬಂದವರು ಯಾರಾದ್ರೂ ಹೇಳಿ.

ಕೋಟೇಶ್ವರ ಬದಿ:
ಹ್ವಾಯ್, ಎರಡ್ ಸಾವ್ರ ಡಾಲರ್ ಕೊಟ್ಟ್ ಹಂದಿ ಹೊಡೂದಾ? ನಮ್ಮಲ್ಲಿಗ್ ಬನ್ನಿ, ಗೆದ್ದಿ ತುಂಬ ಹಂದಿ ಇತ್ತ್. ಕಾಂಬುಕ್ ಮಾತ್ರ, ಮುಟ್ಟುಕಾಗ 😀

ಮಣಿಪಾಲ ರಿಟರ್ನ್:
ನಾನು ಆಸ್ಟಿನ್‌ನಲ್ಲಿದ್ದಾಗ ಇಂಥದ್ದೇ ಒಂದರಲ್ಲಿ ಮೆಂಬರ್ ಆಗಿದ್ದೆ, ಹಾಗಾಗಿ ಸ್ವಲ್ಪ ಉದ್ದ ಆಗ್ತದೆ.

ಮೊದಲು ಅಲ್ಲಿನ ಪರಿಸ್ಥಿತಿ. ಟೆಕ್ಸಸಲ್ಲಿ ಜಾಗ ಹೆಚ್ಚುಕಮ್ಮಿ ಪೂರ್ತಿ ಖಾಸಗಿ, ನೂರಕ್ಕೆ ತೊಂಬತ್ತರ ಮೇಲೆ. ಸರ್ಕಾರಿ ಜಾಗದ ಪರ್ಮಿಟ್ 48 ಡಾಲರಿಗೆ ಸಿಗ್ತದೆ, ಆದ್ರೆ ಜಾಗ ಕಮ್ಮಿ, ಜನ ಜಾಸ್ತಿ. ಸ್ವಂತಕ್ಕೆ ಒಂದು ರ‍್ಯಾಂಚ್ ಲೀಸಿಗೆ ಹಿಡಿಯುವಷ್ಟು ದುಡ್ಡು ಎಲ್ರ ಹತ್ರ ಇರೋದಿಲ್ಲ, ಅದಕ್ಕೇ ಈ ಕ್ಲಬ್ಬುಗಳು ನಡೆಯೋದು. ಐಡಿಯಾ ಒಳ್ಳೇದೇ. ಆದ್ರೆ ಅವರ ವೆಬ್‌ಸೈಟಲ್ಲಿ "ಇಷ್ಟು ಸಾವಿರ ಎಕರೆ" ಅಂತ ದೊಡ್ಡ ಅಕ್ಷರದಲ್ಲಿ ಹಾಕಿರ್ತಾರಲ್ಲ, ಅದನ್ನು ನೋಡಿ ದುಡ್ಡು ಕಟ್ಬೇಡಿ. ಅದರಲ್ಲಿ ಅರ್ಧ ಜಾಗ ಏಳೆಂಟು ಗಂಟೆ ಡ್ರೈವ್ ದೂರ ಇರಬಹುದು, ಇನ್ನು ಕೆಲವು ಬರೀ ಪಾರಿವಾಳಕ್ಕೆ. ಕೇಳ್ಬೇಕಾದ್ದು ಮೆಂಬರ್ ಎಷ್ಟು ಜನ, ಡಲ್ಲಾಸಿಂದ ಮೂರು ಗಂಟೆ ಒಳಗೆ ಜಿಂಕೆ ಇರುವ ಜಾಗ ಎಷ್ಟು, ನವೆಂಬರಿನ ಶನಿವಾರ ಭಾನುವಾರ ಬುಕ್ಕಿಂಗ್ ಯಾವಾಗ ಓಪನ್ ಆಗ್ತದೆ. ಡಲ್ಲಾಸ್ ಕಡೆ ಕೋವಿಯಲ್ಲಿ ಜಿಂಕೆ ಹೊಡೆಯುವ ಸೀಸನ್ ನವೆಂಬರ್ ಮೊದಲ ಶನಿವಾರ ಶುರು, ಆವಾಗ ಬುಕ್ಕಿಂಗ್ ಸಿಗೋದಂದ್ರೆ ಹಬ್ಬದ ಟೈಮಲ್ಲಿ ಬೆಂಗಳೂರು–ಮಂಗಳೂರು ಬಸ್ ಸೀಟ್ ಸಿಕ್ಕಿದ ಹಾಗೆ. ನಾನು ಸೇರಿದ ಕ್ಲಬ್ಬಲ್ಲಿ ಒಂದು ಜಾಗ ಒಬ್ಬ ಬುಕ್ ಮಾಡಿದ್ರೆ ಆ ದಿನ ಬೇರೆ ಯಾರೂ ಒಳಗೆ ಬರುವ ಹಾಗಿಲ್ಲ, ಆ ರೂಲ್ ಇದ್ರೆ ಒಳ್ಳೇದು, ಯಾಕಂದ್ರೆ ಎದುರಿನ ಪೊದೆಯಲ್ಲಿ ಯಾರೋ ರೈಫಲ್ ಹಿಡ್ಕೊಂಡು ಕೂತಿದ್ದಾನಾ ಅಂತ ಹೆದರ್ಕೊಂಡು ಕೂರ್ಬೇಕಂತಿಲ್ಲ. ಲೀಸ್ ಎಷ್ಟು ವರ್ಷಕ್ಕೆ ಅಂತಾನೂ ಕೇಳ್ಲಿ, ಮುಂದಿನ ವರ್ಷ ಓನರ್ ಮನಸ್ಸು ಬದಲಾಯ್ಸಿದ್ರೆ ನಿಮ್ಮ ಇಷ್ಟದ ಜಾಗ ಲಿಸ್ಟಿಂದ ಹೋಯ್ತು.

ಇನ್ನು ಗೈಡ್ ಇಲ್ಲ ಅಂದ್ರೆ ಎಂತ ಅಂತ ಭಾವನಿಗೆ ಗೊತ್ತುಂಟಾ? ಗಡಿ ನೀವೇ ಮ್ಯಾಪಲ್ಲಿ ನೋಡ್ಕೊಳ್ಬೇಕು. ಅಲ್ಲಿ ಬೇಲಿ ಕಂಬಕ್ಕೋ ಮರಕ್ಕೋ ಎದೆಮಟ್ಟದಲ್ಲಿ ಉದ್ದಕ್ಕೆ ನೇರಳೆ ಪೇಂಟ್ ಗೆರೆ ಎಳೆದಿದ್ರೆ ಅದು ಬೋರ್ಡಿಗೆ ಸಮ, ಆಚೆ ಕಾಲಿಡುವ ಹಾಗಿಲ್ಲ. ನಿಮ್ಮ ಈಡು ತಾಗಿದ ಜಿಂಕೆ ಬೇಲಿ ಹಾರಿ ಆಚೆ ಹೋಗಿ ಬಿದ್ರೂ ಪಕ್ಕದವನನ್ನು ಕೇಳದೆ ತರ್ಲಿಕ್ಕಿಲ್ಲ, ಕಣ್ಣೆದುರು ಬಿದ್ದಿರ್ತದೆ, ಫೋನ್ ನಂಬರ್ ಹುಡುಕ್ತಾ ನಿಲ್ಬೇಕು. ಮತ್ತೆ ಕರುಳು ತೆಗೆಯೋದು, ಕಾಲು ತೊಡೆ ಬೇರೆ ಮಾಡಿ ಐಸ್ ಬಾಕ್ಸಿಗೆ ತುಂಬೋದು ಎಲ್ಲ ನೀವೇ. ಟೆಕ್ಸಸಲ್ಲಿ ನವೆಂಬರಲ್ಲೂ ಮಧ್ಯಾಹ್ನ ಸೆಕೆ ಇರ್ತದೆ, ಉದಾಸೀನ ಮಾಡಿದ್ರೆ ಮಾಂಸ ಹಾಳು. ಹಂದಿಯಾದ್ರೆ ಗ್ಲೌಸ್ ಇಲ್ಲದೆ ಮುಟ್ಲೇಬೇಡಿ, ಬ್ರೂಸೆಲ್ಲಾ ರೋಗ ರಕ್ತದಿಂದ ಮನುಷ್ಯರಿಗೂ ಬರ್ತದೆ.

ಒಂದು ತಮಾಷೆ: ನಮ್ಮ ಚುಕ್ಕೆ ಜಿಂಕೆ ಅಲ್ಲಿ ಉಂಟು! 1930ರ ದಶಕದಲ್ಲಿ ಇಲ್ಲಿಂದ ತಗೊಂಡೋಗಿ ಬಿಟ್ಟದ್ದು, ಈಗ ಹಿಲ್ ಕಂಟ್ರಿ (ಟೆಕ್ಸಸ್ ನಡುವಿನ ಗುಡ್ಡದ ಸೀಮೆ) ತುಂಬ ಅದೇ. ಪರದೇಶಿ ಪ್ರಾಣಿ ಲೆಕ್ಕದಲ್ಲಿ ಬರೋದ್ರಿಂದ ಅದಕ್ಕೆ ಸೀಸನ್ನೂ ಇಲ್ಲ, ವರ್ಷವಿಡೀ ಹೊಡಿಬಹುದು.

ಕೊಡಿಯಾಲಬೈಲ್ ವಕೀಲ:
ಎಲ್ಲ ಸರಿ, ಆದ್ರೆ ಮುಖ್ಯ ವಿಷಯ ಯಾರೂ ಹೇಳ್ಲಿಲ್ಲ. ಕಾರ್ಕಳದವರೇ, ನೀವು ವಿಸಿಟರ್ ವೀಸಾ. ಅಮೆರಿಕದ ಫೆಡರಲ್ ಕಾನೂನಲ್ಲಿ ಇಂಥ ತಾತ್ಕಾಲಿಕ ವೀಸಾದವರು ಕೋವಿಯಾಗಲಿ ತೋಟೆಯಾಗಲಿ ಇಟ್ಕೊಳ್ಳೋದೇ ಅಪರಾಧ. ವಿನಾಯಿತಿ ಯಾರಿಗೆ ಅಂದ್ರೆ ಅಲ್ಲಿನ ಯಾವುದಾದ್ರೂ ರಾಜ್ಯದ ಹಂಟಿಂಗ್ ಲೈಸೆನ್ಸ್ ಇದ್ದವರಿಗೆ. ಭಾವ ಹೇಳಿದ್ದು ಅರ್ಧ ನಿಜ, 2019ರಿಂದ ಟೆಕ್ಸಸಲ್ಲಿ ಖಾಸಗಿ ಜಾಗದಲ್ಲಿ ಓನರ್ ಒಪ್ಪಿಗೆ ಇದ್ರೆ ಕಾಡುಹಂದಿಗೆ ಲೈಸೆನ್ಸ್ ಬೇಡ. ಅದು ರಾಜ್ಯದ ರೂಲ್. ಫೆಡರಲ್ ರೂಲಿಗೆ ನಿಮ್ಮ ಜೇಬಲ್ಲಿ ಲೈಸೆನ್ಸ್ ಬೇಕೇ ಬೇಕು, ಇಲ್ಲದೆ ಭಾವನ ರೈಫಲ್ "ಒಂದ್ಸಲ ಹಿಡಿದು ನೋಡ್ತೇನೆ" ಅಂದ್ರೂ ಕಷ್ಟ. ಭಾವನಿಗೆ ಗ್ರೀನ್ ಕಾರ್ಡ್ ಇರೋದ್ರಿಂದ ಈ ತಲೆಬಿಸಿ ಇಲ್ಲ, ಅದಕ್ಕೇ ಅವರ ತಲೆಗೆ ಬಂದಿಲ್ಲ.

ಮಣಿಪಾಲ ರಿಟರ್ನ್:
ವಕೀಲರೇ ಥ್ಯಾಂಕ್ಸ್, ಬರೆಯುವ ಭರದಲ್ಲಿ ಬಿಟ್ಟು ಹೋಯ್ತು. ಹೊರಗಿನವರಿಗೆ ಜನರಲ್ ಲೈಸೆನ್ಸ್ 315 ಡಾಲರ್. ಅದರ ಮೇಲೆ, 1971 ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಕೋರ್ಸ್ ಕಡ್ಡಾಯ, ಆನ್‌ಲೈನಲ್ಲೇ ಮಾಡಬಹುದು.

ಹೆಬ್ರಿ ಕೃಷಿಕ:
ಓದಿ ಹೊಟ್ಟೆ ಉರೀತದೆ ನೋಡಿ. ನಮ್ಮಲ್ಲಿ ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆ ಕೋವಿ, ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್‌ಗೆ ಕೊಟ್ಟು ಬರೋದು, ಉಳಿದ ದಿನ ಗಾಳಿಗೆ ಈಡು ಹೊಡೆದು ಹಂದಿ ಓಡ್ಸೋದು. ಅಜ್ಜನ ಕಾಲದಲ್ಲಿ ಊರವರೆಲ್ಲ ಸೇರಿ ಬೋಂಟೆ ಹೋಗ್ತಿದ್ರಂತೆ, ನಾಯಿಗೂ ಪಾಲು ಇತ್ತಂತೆ, 1972ರ ವನ್ಯಜೀವಿ ರಕ್ಷಣೆ ಕಾನೂನು ಬಂದ ಮೇಲೆ ಎಲ್ಲ ಮುಗೀತು. ಬೇಡ ಅಂತ ನಾನು ಹೇಳೋದಿಲ್ಲ, ಅದಿಲ್ಲದಿದ್ರೆ ಇವತ್ತು ಕಾಡಲ್ಲಿ ಎಂತದೂ ಉಳೀತಿರಲಿಲ್ಲ. ಆದ್ರೆ ಮರಸು, ಅಂದ್ರೆ ಪ್ರಾಣಿಗೆ ಕಾದು ಅಡಗಿ, ಕೂತು ಅಭ್ಯಾಸ ಇಲ್ಲದವರಿಗೆ ಒಂದು ಮಾತು, ನಾಲ್ಕು ಗಂಟೆ ಕೆಮ್ಮದೆ, ಮೊಬೈಲ್ ನೋಡದೆ ಕೂರ್ಲಿಕ್ಕಾಗ್ತದಾ ಅಂತ ಮೊದಲು ಮನೆ ಜಗಲಿಯಲ್ಲಿ ಟ್ರೈ ಮಾಡಿ, ಆಮೇಲೆ ಡಾಲರ್ ಲೆಕ್ಕ. ಮತ್ತೆ ಕೊಂಬು ಗಿಂಬು ಊರಿಗೆ ತರುವ ಯೋಚನೆ ಬೇಡ, 2023ರ ಹುಲಿ ಉಗುರಿನ ಗಲಾಟೆ ನೆನಪುಂಟಲ್ಲ? ಚುಕ್ಕೆ ಜಿಂಕೆ ಕೊಂಬು ಟೆಕ್ಸಸಿದ್ದು ಅಂತ ಯಾರಿಗೆ ಹೇಳ್ತೀರಿ.

ಕಾರ್ಕಳದವ:
ಎಲ್ರಿಗೂ ಥ್ಯಾಂಕ್ಸ್. ಭಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಲೈಸೆನ್ಸ್ ವಿಷಯಕ್ಕೆ ಸ್ವಲ್ಪ ಹೊತ್ತು ಸುಮ್ಮನಾದ್ರು. ಕ್ಲಬ್ಬಿಗೂ ಕೇಳಿದ್ರಂತೆ. ಮೆಂಬರ್ ಎಷ್ಟು ಜನ ಅನ್ನೋದನ್ನು ಹೊರಗೆ ಹೇಳೋದಿಲ್ಲ, ಜಾಗಗಳ ಲಿಸ್ಟ್ ದುಡ್ಡು ಕಟ್ಟಿದ ಮೇಲೆ ಕೊಡ್ತೇವೆ ಅಂದ್ರಂತೆ. ಇದು ಮಾಮೂಲಾ?

ಮಣಿಪಾಲ ರಿಟರ್ನ್:
ಜಾಗದ ಕರೆಕ್ಟ್ ಅಡ್ರೆಸ್ ಮೊದಲೇ ಕೊಡದೆ ಇರೋದು ಮಾಮೂಲು, ಇಲ್ಲಾಂದ್ರೆ ಯಾರು ಬೇಕಾದ್ರೂ ನುಗ್ತಾರೆ. ಆದ್ರೆ ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಹಾಗೆ) ಎಷ್ಟು ಎಕರೆ, ಮೆಂಬರ್ ಎಷ್ಟು ಅಂತ ಕೂಡ ಹೇಳದಿದ್ರೆ ಬಿಟ್ಟುಬಿಡ್ಲಿ. ಈ ವರ್ಷ ಯಾವುದಾದ್ರೂ ರ‍್ಯಾಂಚಲ್ಲಿ ಒಂದು ದಿನದ ಹಂದಿ ಬೇಟೆಗೆ ದುಡ್ಡು ಕೊಟ್ಟು ಹೋಗಿ ಬನ್ನಿ, ನಿಮ್ಮ ಲೈಸೆನ್ಸ್ ಮಾಡಿಸ್ಕೊಂಡು. ಅಕ್ಕನಿಗೆ ಹೇಳಿ, ಹೊಸ ಫ್ರೀಜರಿಗೆ ಈಗಲೇ ಆರ್ಡರ್ ಹಾಕ್ಬೇಡಿ ಅಂತ.