ವೈರಸ್ ಬಂದಿದೆ ಅಂತ ಮೇಲ್ ಬಂದಾಗ ನೀವೇನು ಮಾಡಿದಿರಿ?

ಕೇಳಿದವರು, ನಿಟ್ಟುವಳ್ಳಿ, ದಾವಣಗೆರೆ
ಅಪ್ಪ ರಿಟೈರ್ಡ್ ಮೇಷ್ಟ್ರು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ, 24 ಗಂಟೆಯೊಳಗೆ ಈ ನಂಬರಿಗೆ ಫೋನ್ ಮಾಡಿ’ ಅಂತ ಮೇಲ್ ಬಂದಿದೆ. ತೆರೆದು ಓದಿದ್ದಾರೆ, ಲಿಂಕ್ ಒತ್ತಿಲ್ಲ. ಫಾರ್ಮ್ಯಾಟ್ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ.

ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ
ಆ ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ಚನ್ನಗಿರಿಯ ನಮ್ಮ ಚಿಕ್ಕಪ್ಪ ಮಾಡಿದರು. ಅವರಿಗೆ ಬಂದಿದ್ದು ಆಂಟಿವೈರಸ್ ಬಿಲ್ಲು. ‘ನಿಮ್ಮ ಖಾತೆಯಿಂದ 24,999 ಕಡಿತ ಆಗುತ್ತೆ, ಬೇಡ ಅಂದರೆ ಕರೆ ಮಾಡಿ.’ ಆ ಕಡೆಯವನು ಚೆನ್ನಾಗಿ ಕನ್ನಡದಲ್ಲೇ ಮಾತಾಡಿದ. ದುಡ್ಡು ವಾಪಸ್ ಹಾಕಿಸ್ತೀನಿ ಅಂತ ಕಂಪ್ಯೂಟರಿಗೆ ಎನಿಡೆಸ್ಕ್ ಹಾಕಿಸಿದ, ದೂರದಿಂದಲೇ ನಮ್ಮ ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರ್ ಅದು. ನೆಟ್ ಬ್ಯಾಂಕಿಂಗ್ ತೆರೆಸಿದ. ಓಟಿಪಿ ಓದಿಸಿಕೊಂಡ. ಮೊದಲು 49,000 ಹೋಯ್ತು, ಹಿಂದೆಯೇ 38,500. ಅಡಿಕೆ ಮಾರಿ ಇಟ್ಟಿದ್ದ ದುಡ್ಡು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡೋ ಹೊತ್ತಿಗೆ ಮೊದಲನೇದನ್ನು ಎಟಿಎಂನಲ್ಲಿ ತೆಗೆದಾಗಿತ್ತು. ಎರಡನೇದರಲ್ಲಿ 31,000 ತಡೆದರು. ಅದು ಬಿಡಿಸಿಕೊಳ್ಳೋಕೆ ಕೋರ್ಟ್ ಆದೇಶ ಬೇಕಾಯ್ತು. ವಕೀಲರಿಗೆ 5,000, ಓಡಾಟ ಬೇರೆ. ಚಿಕ್ಕಮ್ಮ ಇವತ್ತಿಗೂ ಆ ಕಂಪ್ಯೂಟರ್ ಹತ್ತಿರ ಹೋಗಲ್ಲ.

ಹೊಳಲ್ಕೆರೆ
ಓಟಿಪಿ ಓದಿ ಹೇಳಿದರೆ ಕಂಪ್ಯೂಟರ್ ಏನು ಮಾಡುತ್ತೆ ಮೇಡಂ? ನನ್ನದು ಕೇಳಿ. ನನಗೆ ಬಂದ ಮೇಲ್‌ನಲ್ಲಿ ನನ್ನ ಪಾಸ್‌ವರ್ಡೇ ಬರೆದಿತ್ತು. ‘ನಿನ್ನ ಕ್ಯಾಮೆರಾದಲ್ಲಿ ವಿಡಿಯೋ ಮಾಡಿದ್ದೇನೆ, ಬಿಟ್‌ಕಾಯಿನ್ ಕಳಿಸು’ ಅಂತ. ಕಳಿಸಿದವರ ಜಾಗದಲ್ಲೂ ನನ್ನದೇ ವಿಳಾಸ. ಅವತ್ತೇ ಫಾರ್ಮ್ಯಾಟ್ ಮಾಡಿಸಿದೆ. ಅದಕ್ಕೆ 700, ಹೊಸ ಹಾರ್ಡ್ ಡಿಸ್ಕ್ 3,200, ಆಂಟಿವೈರಸ್ 1,150. ಮಾಡಿದ್ದು ಸರಿ ಅಂತಲೇ ಈಗಲೂ ಹೇಳ್ತೀನಿ. ನೆಮ್ಮದಿಗೆ ಬೆಲೆ ಇಲ್ವಾ?

ಹಿರಿಯೂರು, ಕಂಪ್ಯೂಟರ್ ಸರ್ವಿಸ್
ಐದು ಸಾವಿರ ಸುಮ್ನೆ ಹೋಯ್ತಲ್ಲ ಸರ್. ಆ ಪಾಸ್‌ವರ್ಡ್ ನಿಮ್ಮ ಕಂಪ್ಯೂಟರಿಂದ ಹೋಗಿದ್ದಲ್ಲ. ಹಿಂದೆ ಯಾವುದೋ ವೆಬ್‌ಸೈಟಿಗೆ ಕೊಟ್ಟಿದ್ದು ಅಲ್ಲಿಂದ ಸೋರಿರುತ್ತೆ. ಆ ಪಟ್ಟಿ ಹಿಡಿದು ಎಲ್ಲರಿಗೂ ಒಂದೇ ಮೇಲ್ ಕಳಿಸ್ತಾರೆ. ಕಳಿಸಿದವರ ವಿಳಾಸ ಅನ್ನೋದು ಲಕೋಟೆ ಹಿಂದಿನ ಬರಹ ಇದ್ದ ಹಾಗೆ, ಯಾರ ಹೆಸರು ಬೇಕಾದರೂ ಬರೆಯಬಹುದು. ಜೀಮೇಲ್‌ನಲ್ಲಿ ‘ಶೋ ಒರಿಜಿನಲ್’ ತೆರೆದರೆ ಎಸ್‌ಪಿಎಫ್, ಡಿಕೆಐಎಂ ಅನ್ನೋ ವಿಳಾಸದ ಅಸಲಿತನದ ಪರೀಕ್ಷೆಗಳು ಪಾಸೋ ಫೇಲೋ ಗೊತ್ತಾಗುತ್ತೆ. ಪಾಸ್‌ವರ್ಡ್ ಬದಲಿಸಿ ಎರಡು ಹಂತದ ಲಾಗಿನ್ ಹಾಕಿದ್ದರೆ ಸಾಕಿತ್ತು. ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್ ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಪುಕ್ಕಟೆ ಇದೆ. ನನ್ನ ಅಂಗಡಿಗೆ ‘ವೈರಸ್’ ಅಂತ ಬರೋದರಲ್ಲಿ ಜಾಸ್ತಿ ಕ್ರೋಮ್‌ನಲ್ಲಿ ಯಾವುದೋ ವೆಬ್‌ಸೈಟಿಗೆ ‘ಅಲೋ’ ಒತ್ತಿ ಬರಿಸಿಕೊಂಡ ನೋಟಿಫಿಕೇಶನ್. ಸೆಟ್ಟಿಂಗ್ಸ್‌ನಲ್ಲಿ ತೆಗೆದು ಕಳಿಸ್ತೀನಿ, ದುಡ್ಡು ತಗೊಳ್ಳಲ್ಲ.

ಹೊಳಲ್ಕೆರೆ
ದುಡ್ಡು ತಗೊಳ್ಳಲ್ಲ ಅನ್ನೋ ಅಂಗಡಿಗಳನ್ನು ನೋಡಿದ್ದೀನಿ. ಕಳ್ಳ ವಿಂಡೋಸ್ ಹಾಕಿ, ಅಪ್‌ಡೇಟ್ ಬಂದ್ ಮಾಡಿ ಕಳಿಸೋರು ಯಾರು ಹಾಗಾದರೆ?

ಹಿರಿಯೂರು, ಕಂಪ್ಯೂಟರ್ ಸರ್ವಿಸ್
ಮಾತು ನೋಡಿ ಆಡಿ. ಲೈಸೆನ್ಸ್ ಇಲ್ಲದ್ದು ಹಾಕಲ್ಲ ಅಂದಿದ್ದಕ್ಕೆ ಎಷ್ಟೋ ಗಿರಾಕಿ ಪಕ್ಕದ ಅಂಗಡಿಗೆ ಹೋಗಿದ್ದಾರೆ. ಆ ನಷ್ಟ ನಿಮಗೆ ಗೊತ್ತಿಲ್ಲ.

ಚಳ್ಳಕೆರೆ, ಎಣ್ಣೆ ಮಿಲ್ ಲೆಕ್ಕದವನು
ಸರ್ವಿಸ್ ಅಣ್ಣಾ, ಎಲ್ಲ ಸುಳ್ಳು ಬೆದರಿಕೆ ಅನ್ನೋ ಹಾಗೆ ಬರೆಯಬೇಡಿ. ನಮ್ಮಲ್ಲಿ ನಿಜವಾಗಿಯೇ ಆಯ್ತು. ‘ವೈರಸ್ ತೆಗೆಯುವ ಟೂಲ್’ ಅಂತ ಮೇಲ್ ಜೊತೆ ಜಿಪ್ ಫೈಲ್ ಬಂತು. ಮಾಲೀಕರ ಅಳಿಯ ಬಿಚ್ಚಿದರು. ಲೆಕ್ಕ ಇಡೋ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಪೂರ್ತಿ ಲಾಕ್. ಬ್ಯಾಕಪ್ ಪೆನ್‌ಡ್ರೈವ್ ಅದೇ ಕಂಪ್ಯೂಟರಿಗೆ ಚುಚ್ಚಿತ್ತು, ಅದೂ ಲಾಕ್. 20ನೇ ತಾರೀಕಿಗೆ ಜಿಎಸ್‌ಟಿ 3ಬಿ ರಿಟರ್ನ್ ಹಾಕಬೇಕು! ಬೆಂಗಳೂರಿನ ಡೇಟಾ ರಿಕವರಿಯವರು ನೋಡೋದಕ್ಕೇ 6,000 ತಗೊಂಡು ಆಗಲ್ಲ ಅಂದರು. ಶೇಂಗಾ ಖರೀದಿ ಬಿಲ್ಲೆಲ್ಲ ಮತ್ತೆ ಟೈಪ್ ಮಾಡಿಸಿದೆವು. ಹುಡುಗರಿಗೆ 18,000. ರಿಟರ್ನ್ ತಡ ಆಗಿದ್ದಕ್ಕೆ ದಿನಕ್ಕೆ 50 ರೂಪಾಯಿ ದಂಡ, ತೆರಿಗೆ ಮೇಲೆ ವರ್ಷಕ್ಕೆ ಶೇ. 18ರ ಲೆಕ್ಕದಲ್ಲಿ ಬಡ್ಡಿ. ಈಗ ಹಾರ್ಡ್ ಡಿಸ್ಕ್ ಬ್ಯಾಕಪ್ ಆದ ತಕ್ಷಣ ಕಿತ್ತು ಬೀರುವಿಗೆ ಇಡ್ತೀನಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಮಾಮೂಲಿ ಅಪ್‌ಡೇಟ್ ನಿಂತಿದೆ, ಮಾಲೀಕರು ಕೇಳ್ತಾ ಇಲ್ಲ.

ಹಿರಿಯೂರು, ಕಂಪ್ಯೂಟರ್ ಸರ್ವಿಸ್
ಎಲ್ಲ ಸುಳ್ಳು ಅಂತ ನಾನೆಲ್ಲಿ ಬರೆದೆ? ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇದೆ, ಬಾಟ್, ಅಂದರೆ ಕಂಪ್ಯೂಟರನ್ನು ಕಳ್ಳರ ಕೈಗೆ ಕೊಡೋ ವೈರಸ್, ತೆಗೆಯೋ ಟೂಲ್ ಪುಕ್ಕಟೆ ಕೊಡುತ್ತೆ. ಟೂಲ್ ಬೇಕಿದ್ದರೆ ಅವರ ಸೈಟಿಗೆ ನಾವೇ ಹೋಗಬೇಕು. ಮೇಲ್‌ನಲ್ಲಿ ಬಂದ ಜಿಪ್ ಯಾಕೆ ಬಿಚ್ಚಬೇಕಿತ್ತು?

ಚಳ್ಳಕೆರೆ, ಎಣ್ಣೆ ಮಿಲ್ ಲೆಕ್ಕದವನು
ಮಾಲೀಕರ ಅಳಿಯನಿಗೆ ಅದನ್ನ ನೀವೇ ಬಂದು ಹೇಳಿ ಅಣ್ಣಾ.

ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ
ಹೊಳಲ್ಕೆರೆಯವರೇ, ಓಟಿಪಿ ಮಾತಿಗೆ ಉತ್ತರ ಕೊಡದೆ ಬಿಡಲ್ಲ. ಗುಟ್ಟು ನಾವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು ಅಂತ ಆರ್‌ಬಿಐನ 2017ರ ಸುತ್ತೋಲೆಯಲ್ಲೇ ಇದೆ. 49,000 ಹೋದ ಕೂಡಲೇ ಚಿಕ್ಕಪ್ಪ ಬ್ಯಾಂಕಿಗೆ ಫೋನ್ ಮಾಡಿದ್ದರು. ‘ಬ್ರಾಂಚಿಗೆ ಬಂದು ಬರೆದುಕೊಡಿ’ ಅಂದರು. 38,500 ಹೋಗಿದ್ದು ಆಮೇಲೆ. ಆ ಕರೆಯ ದಾಖಲೆ ಫೋನಿನಲ್ಲಿದೆ, ಬ್ಯಾಂಕಿನ ಮೇಲಿನ ದೂರು ಕೇಳೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರಿನ ಜೊತೆ ಹಾಕಿದ್ದೀವಿ. ಬುದ್ಧಿವಾದ ಅವರಿಗೆ ಹೇಳಿ, ನಮ್ಮ ಚಿಕ್ಕಪ್ಪನಿಗಲ್ಲ.