ಪ್ರಶ್ನೋತ್ತರ: ಶುಗರ್, ಥೈರಾಯ್ಡ್, ಮಂಡಿನೋವು – ಆಯುರ್ವೇದ ಡಾಕ್ಟರನ್ನು ಕೇಳಿ

ಅಡ್ಮಿನ್: ನಮ್ಮ ಗುಂಪಿನ ಆಯುರ್ವೇದ ಡಾಕ್ಟರ್ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ವಯಸ್ಸು, ಈಗ ನುಂಗುತ್ತಿರುವ ಮಾತ್ರೆ, ಹೊಸ ರಿಪೋರ್ಟ್ ಮೂರೂ ಬರೆಯಿರಿ. ಫಾರ್ವರ್ಡ್ ಹಾಕಬೇಡಿ.

ಮಳೆಹುಡುಗ: 44 ವರ್ಷ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 7.4. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಬರೆದುಕೊಟ್ಟಿದ್ದಾರೆ. ಒಮ್ಮೆ ಶುರು ಮಾಡಿದರೆ ಬಿಡೋಕಾಗಲ್ಲ ಅಂತಾರೆ. ಅದರ ಬದಲು ಕಷಾಯ ಸಾಕಾ ಮೇಡಂ?

ಡಾಕ್ಟರ್: ಮಾತ್ರೆ ಶುರು ಮಾಡಿ. ತೂಕ ಇಳಿದು ಸಕ್ಕರೆ ಹತೋಟಿಗೆ ಬಂದರೆ ಬರೆದುಕೊಟ್ಟವರೇ ಡೋಸ್ ಇಳಿಸುತ್ತಾರೆ. ನಮ್ಮಲ್ಲಿ ಮೊದಲ ಚಿಕಿತ್ಸೆ ನಿದಾನ ಪರಿವರ್ಜನ, ಅಂದರೆ ಕಾಯಿಲೆಯ ಕಾರಣವನ್ನು ಬಿಡುವುದು. ನಮ್ಮ ಹಳೆಯ ವೈದ್ಯಗ್ರಂಥ ಚರಕ ಸಂಹಿತೆ ಪ್ರಮೇಹಕ್ಕೆ (ಶುಗರ್ ಸೇರುವ ಕಾಯಿಲೆಗಳ ಗುಂಪು) ಕೊಡುವ ಕಾರಣಗಳಲ್ಲಿ ಮೊದಲನೆಯದೇ ಕೂತಲ್ಲೇ ಕೂರುವ ಸುಖ. ಆಮೇಲೆ ನಿದ್ದೆಯ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸು. ಎಷ್ಟು ಹೊತ್ತಿಗೆ ಊಟ, ಎಷ್ಟು ಗಂಟೆ ಕುರ್ಚಿ, ಎಷ್ಟು ಹೊತ್ತಿಗೆ ನಿದ್ದೆ ಅಂತ ಒಂದು ವಾರ ಬರೆದಿಟ್ಟು ತನ್ನಿ. ಕಷಾಯದ ಮಾತು ಅದಾದ ಮೇಲೆ. ಎಚ್‌ಬಿಎ1ಸಿ ಮತ್ತೆ 3 ತಿಂಗಳಿಗೆ.

ಹೊಂಗೆಮರ: ಶುಗರ್ ಇರುವವರು ಸಕ್ಕರೆ ಬದಲು ಬೆಲ್ಲ ತಿನ್ನಬಹುದಾ?

ಡಾಕ್ಟರ್: ಬೇಡ. ಮೇಲೆ ಓದಿ.

ನಿತ್ಯಮಲ್ಲಿಗೆ: ಥೈರಾಯ್ಡ್‌ಗೆ ಥೈರಾಕ್ಸಿನ್ 50 ಮಾತ್ರೆ ತಗೊಳ್ತಿದ್ದೇನೆ, ವಯಸ್ಸು 36. ತುಂಬಾ ಸುಸ್ತು. ಅಶ್ವಗಂಧ ಒಳ್ಳೆಯದಂತೆ?

ಡಾಕ್ಟರ್: ನೀವಾಗಿಯೇ ಶುರು ಮಾಡಬೇಡಿ. ಕೆಲವರಲ್ಲಿ ಅದು ಥೈರಾಯ್ಡ್ ಹಾರ್ಮೋನನ್ನು ಏರಿಸುತ್ತದೆ. ಮಾತ್ರೆ ಹೇಗೆ ನುಂಗುತ್ತೀರಿ? ಕಾಫಿ ಜೊತೆಗಾ? ಖಾಲಿ ಹೊಟ್ಟೆಗೆ ನೀರಲ್ಲಿ ನುಂಗಿ, ಮುಕ್ಕಾಲು ಗಂಟೆ ಬೇರೇನೂ ಬೇಡ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ ಅಂತರ ಇರಲಿ. ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಮತ್ತು ಹಿಮೋಗ್ಲೋಬಿನ್ ನೋಡಿಸಿ.

ದಾರಿಹೋಕ: *ಎಲ್ಲರಿಗೂ ಕಳಿಸಿ!* ದಿನಾ ಬೆಳಗ್ಗೆ ಒಂದು ಲೋಟ ಸೋರೆಕಾಯಿ ರಸ. ಶುಗರ್, ಬಿಪಿ, ಕೊಲೆಸ್ಟ್ರಾಲ್ ಬುಡಸಮೇತ ಮಾಯ.

ಡಾಕ್ಟರ್: ಫಾರ್ವರ್ಡ್ ಬೇಡ ಅಂತ ಮೊದಲ ಸಾಲಲ್ಲೇ ಇದೆ. ಕಹಿ ಇರುವ ಸೋರೆಕಾಯಿ ರಸ ವಿಷ. ವಾಂತಿ, ರಕ್ತವಾಂತಿ, ಬಿಪಿ ಕುಸಿತ ಆಗುತ್ತದೆ. ಸತ್ತವರೂ ಇದ್ದಾರೆ. ಕಹಿ ಇದ್ದಷ್ಟೂ ಶುಗರ್‌ಗೆ ಒಳ್ಳೆಯದು ಅಂತ ಕಣ್ಮುಚ್ಚಿ ಕುಡಿಯುವವರೇ ಸಿಕ್ಕಿಬೀಳುವುದು.

ಬಿಳಿಮೋಡ: ಫ್ಯಾಟಿ ಲಿವರ್ ಗ್ರೇಡ್ 2, ವಯಸ್ಸು 39. ಏನು ಮಾಡಲಿ?

ಕಿಟಕಿ: ಅಮ್ಮನಿಗೆ 63. ಮಂಡಿನೋವಿಗೆ ಒಬ್ಬರ ಹತ್ತಿರ ಆಯುರ್ವೇದ ಪುಡಿ ತರಿಸುತ್ತಿದ್ದೆವು. ಒಂದು ವರ್ಷ ಆಯಿತು. ಮೂರೇ ದಿನಕ್ಕೆ ನೋವು ಹೋಗಿತ್ತು. ಮುಖ ತುಂಬಿಕೊಂಡಿತು, ಆರೋಗ್ಯ ಬಂತು ಅಂದುಕೊಂಡೆವು. ಈಚೆಗೆ ಶುಗರ್ ಬಂದಿದೆ. ಕೈ ಮೇಲೆ ಸುಮ್ನೆ ನೀಲಿ ಕಲೆ. ಹೋದ ವಾರ ಪುಡಿ ಮುಗಿಯಿತು. ಎರಡು ದಿನದಿಂದ ವಾಂತಿ, ಎದ್ದರೆ ತಲೆಸುತ್ತು. ಪುಡಿ ಕೊಟ್ಟವರು ದೇಹ ಶುದ್ಧಿ ಆಗ್ತಿದೆ ಅಂದರು. ಪಂಚಕರ್ಮ ಮಾಡಿಸಿದರೆ ಬೇಗ ಆಗುತ್ತಾ?

ಡಾಕ್ಟರ್: ಬೇರೆಯವರು ಸ್ವಲ್ಪ ಕಾಯಿರಿ. ಅಮ್ಮನನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆ ಬೆಳಗ್ಗೆ ಅಲ್ಲ, ನನ್ನ ಹತ್ತಿರವೂ ಅಲ್ಲ. ಎಮರ್ಜೆನ್ಸಿ ಇರುವ ಆಸ್ಪತ್ರೆ.

ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆ ಅನ್ನುವುದು ನನ್ನ ಬಲವಾದ ಅನುಮಾನ. ಸಂಧಿವಾತಕ್ಕೆ ನಾನೂ ಗುಗ್ಗುಲು, ರಾಸ್ನಾ ಕೊಡುತ್ತೇನೆ, ಎಣ್ಣೆ ಹಚ್ಚಿಸುತ್ತೇನೆ. ಸವೆದ ಮಂಡಿಯ ನೋವು ಅದರಿಂದ ಮೂರು ದಿನಕ್ಕೆ ಹೋಗಲ್ಲ. ದುಂಡಗಾದ ಮುಖ, ಹೊಸದಾಗಿ ಶುಗರ್, ತೆಳುವಾದ ಚರ್ಮದಲ್ಲಿ ನೀಲಿ ಕಲೆ, ಎಲ್ಲ ಅದಕ್ಕೇ ಹೊಂದುತ್ತದೆ. ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿದ್ದರೆ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸುತ್ತದೆ. ಪುಡಿ ಥಟ್ಟನೆ ನಿಂತಾಗ ಅದು ಕೂಡಲೇ ಏಳಲ್ಲ. ಬಿಪಿ ಬೀಳುತ್ತದೆ, ಸೋಡಿಯಂ ಇಳಿಯಬಹುದು. ಜೀವಕ್ಕೆ ಅಪಾಯ.

ಪೊಟ್ಟಣದ ತಳದಲ್ಲಿ ಉಳಿದ ಚೂರನ್ನೂ ತಗೊಂಡು ಹೋಗಿ. "ಒಂದು ವರ್ಷ ಸ್ಟೀರಾಯ್ಡ್ ಹೋಗಿರಬಹುದು, ಈಗ ನಿಂತಿದೆ" ಅಂತ ನೀವೇ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಸಾಮಾನ್ಯ ವಾಂತಿ ಅಂತ ಬಾಟ್ಲಿ ಹಾಕಿ ಕಳಿಸಬಹುದು. ಬಿಪಿ, ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ, ಕಾರ್ಟಿಸಾಲ್ (ಅಡ್ರಿನಲ್ ಗ್ರಂಥಿಯೇ ಮಾಡುವ ಸ್ಟೀರಾಯ್ಡ್) ನೋಡಲಿ. ಪಂಚಕರ್ಮ ಖಂಡಿತ ಬೇಡ. ವಾಂತಿ, ಭೇದಿ ಮಾಡಿಸಿದರೆ ಮೈಯಲ್ಲಿ ಉಳಿದಿರುವ ನೀರು, ಉಪ್ಪೂ ಹೋಗುತ್ತದೆ. ಪೊಟ್ಟಣದ ಮೇಲೆ ಲೇಬಲ್ ಇತ್ತಾ?

ಕಿಟಕಿ: ಇಲ್ಲ ಮೇಡಂ, ಬರೀ ಪ್ಲಾಸ್ಟಿಕ್ ಕವರ್. ಅಣ್ಣ ಕಾರು ತರ್ತಿದ್ದಾನೆ.

ಲೆಕ್ಕಿಗ: ನೋಡಿದ್ರಾ? ಇದಕ್ಕೇ ನಾನು ಆಯುರ್ವೇದ ನಂಬಲ್ಲ.

ಬೆಟ್ಟದಹೂವು: ಸ್ಟೀರಾಯ್ಡ್ ನಿಮ್ಮ ಅಲೋಪತಿಯದೇ ಅಲ್ವಾ ಸ್ವಾಮಿ? ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ.

ಲೆಕ್ಕಿಗ: ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರನ್ನು ಕೇಳಿ.

ಬೆಟ್ಟದಹೂವು: ಕಂಪನಿಗಳ ಲಾಬಿ ಬರೆಸಿದ್ದು ಅದು. ನಿಮಗೆಷ್ಟು ಕೊಟ್ಟರು?

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಸೈಡ್ ಎಫೆಕ್ಟ್ ಇಲ್ಲ ಅನ್ನುವುದು ಸುಳ್ಳು. ಜ್ಯೇಷ್ಠಮಧು ಜಾಸ್ತಿಯಾದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ವರದಿಗಳು 2021ರಲ್ಲೇ ಬಂದಿವೆ. ಸರಿಯಾಗಿ ಶುದ್ಧಿ ಮಾಡದ ಲೋಹದ ಭಸ್ಮದಿಂದ ಸೀಸದ ವಿಷ ಏರುತ್ತದೆ. ಔಷಧಿ ಅಂದಮೇಲೆ ಡೋಸ್ ಇರುತ್ತದೆ, ತೊಂದರೆಯೂ ಇರುತ್ತದೆ. ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗೇನಿದೆ ಅನ್ನುವ ಪಟ್ಟಿ ಇಲ್ಲದ್ದನ್ನು ಬಾಯಿಗೆ ಹಾಕಬೇಡಿ. ಶುಗರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಹಾಕುವುದೇ 1954ರ ಔಷಧ ಜಾಹೀರಾತು ಕಾಯ್ದೆ ಪ್ರಕಾರ ಅಪರಾಧ.

ಲೆಕ್ಕಿಗ: ಹಾಗಾದರೆ ನೀವು ಮಾಡ್ತಿರೋದೇನು? ಊಟ, ನಿದ್ದೆ ಹೇಳೋಕೆ ಡಾಕ್ಟರ್ ಬೇಕಾ?

ಡಾಕ್ಟರ್: ಹೇಳಿದ್ದನ್ನು ಎಷ್ಟು ಜನ ಮಾಡುತ್ತಾರೆ, ನೀವೇ ಲೆಕ್ಕ ಹಾಕಿ.

ತಂಗಾಳಿ: ಬೆಲ್ಲ ಬೇಡ ಅಂದ್ರಿ. ತಾಟಿಬೆಲ್ಲ? ಜೇನು?

ಡಾಕ್ಟರ್: ಬೇಡ. ಬೇಡ.

ದಾರಿಹೋಕ: ಕಿಟಕಿಯವರೇ, ಮೂರೇ ದಿನಕ್ಕೆ ನೋವು ಹೋಗುವ ಆ ಪುಡಿಯ ನಂಬರ್ ಇದ್ದರೆ ಇನ್‌ಬಾಕ್ಸ್ ಮಾಡಿ. ನಮ್ಮತ್ತೆಗೆ ಬೇಕಿತ್ತು.

ಡಾಕ್ಟರ್: ನಾನು ಬರೆದದ್ದನ್ನು ಒಂದು ಸಾಲಾದರೂ ಓದಿದ್ರಾ?

ದಾರಿಹೋಕ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ? ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಬಿಡಿ.

ಬೆಟ್ಟದಹೂವು: ಸರಿಯಾಗಿ ಹೇಳಿದ್ರಿ. ಡಾಕ್ಟರಿಗೆ ಅಹಂಕಾರ ಜಾಸ್ತಿ.

ಬಿಳಿಮೋಡ: ಮೇಡಂ, ಫ್ಯಾಟಿ ಲಿವರ್ ಕೇಳಿದ್ದೆ...

ಕಿಟಕಿ: ಸೋಡಿಯಂ 121. ಬಿಪಿ 80/50. ಐಸಿಯುಗೆ ಹಾಕಿದ್ದಾರೆ, ಇಂಜೆಕ್ಷನ್ ಶುರುವಾಗಿದೆ. ಪೊಟ್ಟಣ ಕೊಟ್ಟೆವು.

ಡಾಕ್ಟರ್: ಸರಿ. ಕಾರ್ಟಿಸಾಲ್ ರಿಪೋರ್ಟ್ ಬಂದಾಗ ನೇರ ನನಗೆ ಕಳಿಸಿ, ಇಲ್ಲಿ ಹಾಕಬೇಡಿ.

ಅಡ್ಮಿನ್: ಕಾಮೆಂಟ್ ಮುಚ್ಚಿದ್ದೇನೆ.